ಬಾಜೂ ಸೀಟು

ಕಲ್ಲೋಳಿಯಿಂದ ಹುಕ್ಕೇರಿವರೆಗಿನ ರಸ್ತೆಯಲ್ಲಿ ಮೂವತ್ತೊಂದು ಹಂಪುಗಳಿವೆ. ಹನ್ನೆರಡು ವರ್ಷ ಅದೇ ದಾರಿಯಲ್ಲಿ ಓಮ್ನಿ ಓಡಿಸಿದ ಸೋಮಶೇಖರನಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಓಮ್ನಿಗೆ ಹಂಪು ಎಂದರೆ ಒಂದು ಸಣ್ಣ ಕುಲುಕಾಟ, ಮಾತು ಅರೆಕ್ಷಣ ತುಂಡಾಗುತ್ತಿತ್ತು, ಮತ್ತೆ ಮುಂದುವರಿಯುತ್ತಿತ್ತು. ಹಳದಿ ಗಾಡಿ ಮನೆಗೆ ಬಂದ ಮೇಲೆ ಮಾತ್ರ ಒಂದೊಂದು ಹಂಪೂ ಹೆಸರಿಟ್ಟು ಕರೆಯುವಷ್ಟು ಪರಿಚಯವಾಯಿತು. ಸರಕಾರ ಹಾಕಿಸಿದವು ಕೆಲವೇ ಕೆಲವು. ಉಳಿದವು ಯಾರದೋ ಆಡು ಗಾಡಿಗೆ ಸಿಕ್ಕಿತೆಂದೋ, ಯಾರದೋ ಬಾಗಿಲ ಮುಂದೆ ಧೂಳೇಳುತ್ತದೆಂದೋ ಊರವರೇ ಖಡಿಕಲ್ಲು ಸುರಿದು ಎಬ್ಬಿಸಿದವು. ಪ್ರತಿಯೊಂದರ ಮುಂದೂ ಗಾಡಿ ನಿಲ್ಲಿಸಿ, ಓರೆ ಮಾಡಿ, ಏಡಿಯ ಹಾಗೆ ಅಡ್ಡಡ್ಡ ಹತ್ತಿಸಿ ಇಳಿಸಬೇಕು. ಅಷ್ಟು ಮಾಡಿದರೂ ಗಾಡಿಯ ಹೊಟ್ಟೆ ಕರ್ ಎಂದು ಉಜ್ಜುತ್ತಿತ್ತು. ಹಿಂದಿನಿಂದ ಕಬ್ಬಿನ ಟ್ರ್ಯಾಕ್ಟರಿನವನು ಹಾರ್ನಿನ ಮೇಲಿಂದ ಕೈ ತೆಗೆಯುತ್ತಿರಲಿಲ್ಲ. ಚಹಾದಂಗಡಿಯ ಕಟ್ಟೆಯ ಮೇಲೆ ಕೂತವರು, "ಸರ್, ಗಾಡಿ ಕುಂತ ಬಿಟ್ಟೈತೇನ್ರಿ? ಎಬ್ಬಸಾಕ ಬರೂಣೇನ್ರಿ?" ಎಂದು ಕೇಳುತ್ತಿದ್ದರು.

ಕೇಳದೆ ಇನ್ನೇನು ಮಾಡಿಯಾರು? ಹುಕ್ಕೇರಿಯ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಮನುಷ್ಯ, ವಯಸ್ಸು ನಲವತ್ತೊಂಬತ್ತು, ಅಂಗಿಯ ಜೇಬಿನಲ್ಲಿ ಎರಡು ಪೆನ್ನು, ಕೈಯಲ್ಲಿ ಊಟದ ಡಬ್ಬಿ. ಅಂಥವನು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದಂತಿರುವ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರನ್ನು ಸೆಕೆಂಡ್ ಹ್ಯಾಂಡ್ ತಂದು, ದಿನಾ ಕೆಲಸಕ್ಕೆ ಓಡಿಸುತ್ತೇನೆಂದು ಹೊರಟರೆ ಊರು ನಗುತ್ತದೆ. ಆ ನಗುವನ್ನು ಸೋಮಶೇಖರ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅವನನ್ನು ಇವತ್ತಿಗೂ ಸುಡುವುದು ಇನ್ನೊಂದು ನಗು. ಅದನ್ನು ಹೇಳಬೇಕಾದರೆ ಅವನ ಅಣ್ಣ ಲಕ್ಕಪ್ಪನಿಂದಲೇ ಶುರು ಮಾಡಬೇಕು.

ಲಕ್ಕಪ್ಪ ಅವನಿಗಿಂತ ಹದಿನೆಂಟು ವರ್ಷ ದೊಡ್ಡವನು. ತಂದೆ ತೀರಿಕೊಂಡಾಗ ಸೋಮಶೇಖರನಿಗೆ ಇನ್ನೂ ನಾಲ್ಕು ತುಂಬಿರಲಿಲ್ಲ. ಹಾಗಾಗಿ ಅವನಿಗೆ ತಂದೆ ಎಂದರೂ ಲಕ್ಕಪ್ಪನೇ, ಅಣ್ಣ ಎಂದರೂ ಲಕ್ಕಪ್ಪನೇ. ಸಾಹುಕಾರರೊಬ್ಬರ ಟ್ರ್ಯಾಕ್ಟರ್ ಹೊಡೆಯುತ್ತಿದ್ದ ಲಕ್ಕಪ್ಪ, ತಮ್ಮನನ್ನು ಪಕ್ಕದ ಮಡ್‌ಗಾರ್ಡ್ ಮೇಲೆ ಕೂರಿಸಿಕೊಂಡು ಗೋಕಾಕದ ಹೈಸ್ಕೂಲಿಗೆ ಬಿಟ್ಟು ಬರುತ್ತಿದ್ದ. ಒಂದು ಕೈ ಸ್ಟೇರಿಂಗ್ ಮೇಲೆ, ಇನ್ನೊಂದು ಕೈ ತಮ್ಮನ ಮೊಣಕಾಲ ಮೇಲೆ. ಹುಡುಗ ಜಾರಿ ಬಿದ್ದಾನೆಂಬ ಹೆದರಿಕೆ ಅವನಿಗೆ ಸೋಮಶೇಖರ ಹತ್ತನೇ ಇಯತ್ತೆಗೆ ಬಂದರೂ ಹೋಗಿರಲಿಲ್ಲ.

ಆಗಲೇ ಒಂದು ಮಳೆಗಾಲದಲ್ಲಿ ಗೋಕಾಕ ಫಾಲ್ಸಿನ ಹತ್ತಿರ ಆ ಗಾಡಿ ಕಂಡದ್ದು. ಯಾವುದೋ ದೂರದ ಊರಿನ ಶ್ರೀಮಂತರದು. ಹಳದಿ ಬಣ್ಣ, ಎರಡೇ ಬಾಗಿಲು. ಎಲ್ಲರೂ ನೀರು ನೋಡುತ್ತಿದ್ದರೆ ಸೋಮಶೇಖರ ಗಾಡಿ ನೋಡುತ್ತ ನಿಂತುಬಿಟ್ಟ. ಹತ್ತಿರ ಹೋಗಿ ಬೆರಳು ತಾಗಿಸಿದ. "ಏ, ಕೈ ಹಚ್ಚಬ್ಯಾಡಲೇ!" ಎಂದು ಯಾರೋ ಗದರಿದರು. ತಮ್ಮನ ಮುಖ ಸಣ್ಣದಾದದ್ದನ್ನು ಲಕ್ಕಪ್ಪ ನೋಡಿದ. ಟ್ರ್ಯಾಕ್ಟರ್ ಚಾಲೂ ಮಾಡುತ್ತ ಹೇಳಿದ, "ನೀ ಸಾಲಿ ಕಲಿ ತಮ್ಮಾ. ಮುಂದ ಇಂಥಾದ್ದ ಒಂದ ತಗೋತಿ. ನೀ ಹೊಡಿ, ನಾ ಬಾಜೂ ಕುಂದರತೇನಿ."

ತಮ್ಮನನ್ನು ಸಮಾಧಾನ ಮಾಡಲಿಕ್ಕೆ ಹೇಳಿದ ಮಾತು ಅದು. ಹೇಳಿದವನು ವಾರದೊಳಗೇ ಮರೆತಿರಬೇಕು. ಕೇಳಿಸಿಕೊಂಡವನು ಮೂವತ್ತೈದು ವರ್ಷ ಎದೆಯಲ್ಲಿಟ್ಟುಕೊಂಡ.

ಮುಂದೆ ಸೋಮಶೇಖರ ಓದಿದ, ನೌಕರಿ ಹಿಡಿದ, ಓಮ್ನಿ ಕೊಂಡ. ಲಕ್ಕಪ್ಪ ಟ್ರ್ಯಾಕ್ಟರ್ ಬಿಟ್ಟು ಘೋಡಗೇರಿಯಲ್ಲಿ ವೀಳ್ಯದ ಎಲೆಬಳ್ಳಿಯ ತೋಟ ಮಾಡಿದ. ಅದು ಅವನ ಹೆಂಡತಿ ಅಕ್ಕವ್ವನಿಗೆ ತವರಿನಿಂದ ಬಂದ ಒಂದೂವರೆ ಎಕರೆ. ಎಲೆಬಳ್ಳಿ ಎಂದರೆ ಹಸುಗೂಸಿದ್ದ ಹಾಗೆ, ಒಂದು ದಿನ ಮುಖ ತೋರಿಸದಿದ್ದರೂ ಬಾಡಿಕೊಳ್ಳುತ್ತದೆ ಎನ್ನುತ್ತಿದ್ದ ಲಕ್ಕಪ್ಪ. ಹೀಗಾಗಿ ದಿನಾ ಮುಂಜಾನೆ ಅಣ್ಣತಮ್ಮಂದಿರಿಬ್ಬರೂ ಒಂದೇ ಗಾಡಿಯಲ್ಲಿ ಹೊರಡುತ್ತಿದ್ದರು. ಘೋಡಗೇರಿಯಲ್ಲಿ ಅಣ್ಣ ಇಳಿಯುತ್ತಿದ್ದ, ತಮ್ಮ ಹುಕ್ಕೇರಿಗೆ ಮುಂದೆ ಹೋಗುತ್ತಿದ್ದ. ಸಂಜೆ ಅದೇ ಜಾಗದಲ್ಲಿ ಅಣ್ಣನನ್ನು ಹತ್ತಿಸಿಕೊಂಡು ಬರುತ್ತಿದ್ದ. ಬಿಳಿಯ ರುಮಾಲು ಸುತ್ತಿ, ಊಟದ ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಲಕ್ಕಪ್ಪ ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂರುತ್ತಿದ್ದ. ಅರಭಾವಿ ದಾಟುವಾಗ ತಪ್ಪದೆ ಒಂದು ಪ್ರಶ್ನೆ.

"ಇವತ್ತ ಏನ ಪಾಠ ತಮ್ಮಾ?"

"ಘರ್ಷಣೆ, ಅಣ್ಣಾ."

"ಅಂದ್ರ?"

"ಒಂದಕ್ಕೊಂದ ಉಜ್ಜೂದು. ಟಾಯರ ನೆಲಾ ಹಿಡೀತೈತಲ್ಲಾ, ಅದು."

ಲಕ್ಕಪ್ಪ ತೊಡೆಯ ಮೇಲಿನ ಬುತ್ತಿ ಸರಿಸಿ ಕೇಳುತ್ತಿದ್ದ, "ಹಂಗಾರ ಹಸಿ ಎರಿ ಮಣ್ಣಿನ್ಯಾಗ ಟ್ರ್ಯಾಕ್ಟರ ಗಾಲಿ ಸುಮ್ನ ತಿರಗತಾವಲ್ಲಾ, ಅಲ್ಲೆ ಅದು ಇರಂಗಿಲ್ಲನ?"

"ಇರತೈತಿ. ಸಾಲಂಗಿಲ್ಲ."

"ಹ್ಞಾಂ, ಇದನ್ನ ಹೇಳ ಹುಡುಗೂರಿಗಿ. ತಿಳೀತೈತಿ."

ಅವನು ಹಾಗೆಯೇ ಹೇಳುತ್ತಿದ್ದ, ಹುಡುಗರಿಗೆ ತಿಳಿಯುತ್ತಿತ್ತು. ಸೋಮಶೇಖರ ಸರ್ ಬಹಳ ಚೆನ್ನಾಗಿ ಕಲಿಸುತ್ತಾರೆ ಎಂದು ಹುಕ್ಕೇರಿಯಲ್ಲಿ ಹೆಸರಿತ್ತು. ಅರ್ಧ ಪಾಠ ಓಮ್ನಿಯಲ್ಲೇ ತಯಾರಾಗುತ್ತಿತ್ತೆಂದು ಹುಕ್ಕೇರಿಗೆ ಗೊತ್ತಿರಲಿಲ್ಲ.

ಹೋದ ವರ್ಷ ಯುಗಾದಿಗೆ ಮುಂಚೆ ಗೋಕಾಕದಿಂದ ಪರಶುರಾಮ ಫೋನ್ ಮಾಡಿದ. ಪರಶುರಾಮ ಗ್ಯಾರೇಜಿನವನು, ಸೋಮಶೇಖರನ ಹೈಸ್ಕೂಲ್ ಗೆಳೆಯ. ಕೊಲ್ಲಾಪುರದವರೊಬ್ಬರು ಸ್ಪೋರ್ಟ್ಸ್ ಗಾಡಿ ಮಾರುತ್ತಿದ್ದಾರೆ, ಹತ್ತು ವರ್ಷ ಹಳೆಯದು, ಸಾದಾ ಹೊಸ ಕಾರಿನ ಬೆಲೆಗೆ ಬರುತ್ತದೆ ಎಂದ. "ಬಣ್ಣ ಯಾವುದು?" ಎಂದು ಸೋಮಶೇಖರ ಕೇಳಿದ. ಪರಶುರಾಮ "ಹಳದಿ" ಎಂದ. ಅಲ್ಲಿಗೆ ವ್ಯಾಪಾರ ಮುಗಿದಂತೆಯೇ ಆಯಿತು.

ಹೆಂಡತಿ ಶೋಭಾ ಫೋಟೋ ನೋಡಿ, "ಇದರಾಗ ಮಂದಿ ಎಲ್ಲಿ ಕುಂದ್ರೂದ್ರಿ?" ಎಂದಳು.

"ದಿನಾ ಹೋಗಾವ್ರು ಯಾರು? ನಾನು, ಅಣ್ಣ. ಎರಡ ಸೀಟ ಸಾಕ."

"ಅಣ್ಣಾರನ ಕೇಳೀರೇನು?"

"ಕೇಳೂದೇನೈತಿ? ಒಮ್ಮೆಲೆ ತಂದು ನಿಂದರಸತೇನಿ."

ಅವನು ಎಂಜಿನ್ ನೋಡಿದ, ಟೈರು ನೋಡಿದ, ಕಾಗದಪತ್ರ ನೋಡಿದ, ದಿನದ ಓಡಾಟಕ್ಕೆ ಎಷ್ಟು ಪೆಟ್ರೋಲು ಬೇಕೆಂದು ಗುಣಾಕಾರ ಮಾಡಿದ. ನೆಲದಿಂದ ಗಾಡಿಯ ಹೊಟ್ಟೆ ಎಷ್ಟು ಎತ್ತರ ಎಂದು ಸ್ಕೇಲು ಹಿಡಿದು ಅಳೆದ. ಅಣ್ಣನನ್ನು ಒಂದು ಸಲ ಗೋಕಾಕಕ್ಕೆ ಕರೆದುಕೊಂಡು ಹೋಗಿ ಆ ಸೀಟಿನಲ್ಲಿ ಕೂರಿಸಿ ನೋಡಬೇಕೆಂದು ಮಾತ್ರ ಭೌತಶಾಸ್ತ್ರದ ಆ ಮಹಾಪಂಡಿತನಿಗೆ ಹೊಳೆಯಲಿಲ್ಲ. ಓಮ್ನಿಯನ್ನು ಘಟಪ್ರಭೆಯ ತರಕಾರಿ ವ್ಯಾಪಾರಿಗೆ ಕೊಟ್ಟುಬಿಟ್ಟ.

ಯುಗಾದಿ ಪಾಡ್ಯದ ಮುಂಜಾನೆ ಗಾಡಿ ಬಂತು. ಓಣಿಗೆ ಓಣಿಯೇ ನೆರೆಯಿತು. ಐನಾರು ಬಂದು ಗಾಡಿಯ ಮೂತಿಗೆ ವಿಭೂತಿ ಎಳೆದರು, ಕುಂಕುಮ ಹಚ್ಚಿದರು. ಅಕ್ಕವ್ವ, ಶೋಭಾ ಆರತಿ ಹಿಡಿದರು. ನಾಲ್ಕು ಗಾಲಿಗೆ ನಾಲ್ಕು ಲಿಂಬೆಹಣ್ಣು. ಆ ಮನೆಯಲ್ಲಿ ಏನೇ ಹೊಸದು ಬಂದರೂ ಮೊದಲು ಹಿರಿಯರ ಕೈಯಿಂದ. ಹೊಸ ಹಾಸಿಗೆ ಹೊಲಿಸಿದರೆ ಮೊದಲು ಲಕ್ಕಪ್ಪ ಮಲಗಬೇಕು, ಹೊಸ ಖುರ್ಚಿ ತಂದರೆ ಮೊದಲು ಲಕ್ಕಪ್ಪ ಕೂರಬೇಕು. ಸೋಮಶೇಖರ ಎಡಗಡೆಯ ಬಾಗಿಲು ತೆರೆದು, "ಬಾ ಅಣ್ಣಾ, ಬಾಜೂ ಕುಂದ್ರು" ಎಂದ. ಆ ನಾಲ್ಕು ಶಬ್ದ ಹೇಳಲಿಕ್ಕೆಂದೇ ಅವನು ಮೂವತ್ತೈದು ವರ್ಷ ಕಾದಿದ್ದ.

ಲಕ್ಕಪ್ಪ ಗಾಡಿಯನ್ನು ನೋಡಿದ, ಸೀಟನ್ನು ನೋಡಿದ. ಅದು ಅವನ ಮೊಣಕಾಲಿಗಿಂತ ಕೆಳಗಿತ್ತು. ಆರತಿ ಹಚ್ಚಿ ನಿಂತಿದ್ದಾರೆ, ಊರು ನೋಡುತ್ತಿದೆ, ತಮ್ಮ ಬಾಗಿಲು ಹಿಡಿದಿದ್ದಾನೆ. ಒಲ್ಲೆ ಎನ್ನುವುದು ಹೇಗೆ? ಅವನು ಬಾಗಿದ. ರುಮಾಲು ಮೇಲಿನ ಅಂಚಿಗೆ ತಾಗಿತು. ಇನ್ನೂ ಬಾಗಿದ. ಕೊನೆಗೆ ಕೈಬಿಟ್ಟವನ ಹಾಗೆ ದೊಪ್ಪನೆ ಸೀಟಿಗೆ ಬಿದ್ದ. ರುಮಾಲು ಚಾವಣಿಗೆ ಒತ್ತಿ ಹಣೆಯ ಮೇಲೆ ಇಳಿಯಿತು. ಅಕ್ಕವ್ವ ಆರತಿ ಬೆಳಗಿದಳು. ಓಣಿಯ ತುದಿಯವರೆಗೆ ಹೋಗಿ ಬಂದರು. ಆಮೇಲೆ ಇಳಿಯುವ ಹೊತ್ತು.

ಲಕ್ಕಪ್ಪನಿಗೆ ಏಳಲಿಕ್ಕೆ ಆಗಲಿಲ್ಲ. ಒಂದು ಕಾಲು ಹೊರಗಿಟ್ಟ, ಬಾಗಿಲು ಹಿಡಿದ, ಮತ್ತೆ ಒಳಗೆ ಕುಸಿದ. ಇಬ್ಬರು ಬಂದು ಕಂಕುಳಿಗೆ ಕೈ ಹಾಕಿ ಎಳೆದರು. ಎಳೆಯುವಾಗ ರುಮಾಲು ಕಳಚಿ ಕೆಳಗೆ ಬಿತ್ತು. ಲಿಂಬೆಹಣ್ಣು ಜಜ್ಜಿಹೋಗಿ, ಆರತಿಯ ಕೆಂಪು ನೀರು ಚೆಲ್ಲಿದ್ದ ಜಾಗದಲ್ಲೇ ಬಿತ್ತು. ಬೋಳು ತಲೆಯ ಲಕ್ಕಪ್ಪನನ್ನು ಮನೆಯ ಹೊರಗೆ ಯಾರೂ ನೋಡಿದವರಲ್ಲ. ಜನ ನಕ್ಕರು. ತಾನೂ ಸ್ವಲ್ಪ ಮುಗುಳ್ನಕ್ಕೆ ಎಂದೇ ಸೋಮಶೇಖರನ ನೆನಪು. ಆಮೇಲೆ ಎಲ್ಲರಿಗೂ ಪೇಢೆ ಹಂಚಿದರು, ಹೋಳಿಗೆ ಊಟವಾಯಿತು.

ಮರುದಿನ ಮುಂಜಾನೆ ಸೋಮಶೇಖರ ಗಾಡಿ ಹೊರಗೆ ತೆಗೆಯುವಷ್ಟರಲ್ಲಿ ಲಕ್ಕಪ್ಪ ಬುತ್ತಿ ಹಿಡಿದು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಿದ್ದ. ಅವನ ತಲೆಯ ಮೇಲೆ ಬಿಳಿ ಟೋಪಿ ಇತ್ತು.

"ಮೊಣಕಾಲ ಒಲ್ಲೆ ಅಂತಾವ ತಮ್ಮಾ," ಎಂದ. "ನೀ ಹೋಗು. ನನಗ ಬಸ್ಸ ಐತಿ."

ಮೊಣಕಾಲು ಎಂದರೆ ಮೊಣಕಾಲು ಎಂದೇ ಸೋಮಶೇಖರ ತಿಳಿದ. ಪರಶುರಾಮನ ಹತ್ತಿರ ಹೋಗಿ ಸೀಟಿನ ಮೇಲೆ ಹಾಕಲಿಕ್ಕೆ ದಪ್ಪನೆಯ ಗಾದಿ ಹೊಲಿಸಿದ. ಗಾದಿ ಹಾಕಿದರೆ ತಲೆ ಚಾವಣಿಗೆ ಬಡಿಯುತ್ತಿತ್ತು. ಗಾದಿ ತೆಗೆದು, ಹಿಡಿದು ಏಳಲಿಕ್ಕೆ ಒಂದು ಬೆಲ್ಟು ಹಚ್ಚಿಸಿದ. ಅಣ್ಣನಿಗೆ ಅದನ್ನೆಲ್ಲ ತೋರಿಸಿದ. ಲಕ್ಕಪ್ಪ ಬೆಲ್ಟನ್ನು ಎಳೆದು ನೋಡಿ, "ಗಟ್ಟಿ ಐತಿ" ಎಂದು ಹೊಗಳಿ, ಬಸ್ಸಿಗೆ ಹೋದ. ಬೇಸಿಗೆ, ಅದಕ್ಕೇ ರುಮಾಲು ಬಿಟ್ಟು ಟೋಪಿ ಹಾಕುತ್ತಿದ್ದಾನೆ ಎಂದುಕೊಂಡ ಸೋಮಶೇಖರ. ಬೇಸಿಗೆ ಹೋಗಿ ಮಳೆ ಬಂತು. ಟೋಪಿ ಹೋಗಲಿಲ್ಲ.

ಗಾಡಿಯಲ್ಲಿ ಸುಖವಿರಲಿಲ್ಲ ಎಂದರೆ ಸುಳ್ಳಾದೀತು. ಘಟಪ್ರಭೆ ದಾಟಿದ ಮೇಲೆ ಹಂಪಿಲ್ಲದ ನಾಲ್ಕು ಕಿಲೋಮೀಟರು ರಸ್ತೆ ಇದೆ. ಅಲ್ಲಿ ಕಾಲು ಒತ್ತಿದರೆ ಎಂಜಿನ್ನು ಎದೆಯೊಳಗಿಂದ ಗುರುಗುಟ್ಟಿದಂತಾಗಿ ಬೆನ್ನು ಸೀಟಿಗೆ ಅಂಟುತ್ತಿತ್ತು. ಹದಿನೈದು ವರ್ಷದ ಹುಡುಗನ ಹಾಗೆ ಅವನಿಗೆ ಜೋರಾಗಿ ಕೂಗಬೇಕೆನಿಸುತ್ತಿತ್ತು. ಕೂಗಿಯೂ ಇದ್ದ, ಒಂದೆರಡು ಸಲ. ಕೂಗಿ ಎಡಕ್ಕೆ ತಿರುಗಿದರೆ ಅಲ್ಲಿ ಊಟದ ಡಬ್ಬಿ ಕೂತಿರುತ್ತಿತ್ತು.

ದಿನಾ ಅವನು ಕಲ್ಲೋಳಿಯ ಬಸ್‌ಸ್ಟ್ಯಾಂಡಿನ ಮುಂದೆಯೇ ಹಾಯ್ದು ಹೋಗಬೇಕು. ಮೊದಮೊದಲು ಅಣ್ಣನ ಮುಂದೆ ನಿಲ್ಲಿಸಿ ಕಿಟಕಿಯ ಗಾಜು ಇಳಿಸುತ್ತಿದ್ದ. ಲಕ್ಕಪ್ಪ ಬಾಗಿ ಮಾತಾಡಬೇಕು, ಬಾಗಿದರೆ ನೋವು. ಹೀಗಾಗಿ ಕೈಯಿಂದಲೇ ಹೋಗು ಹೋಗು ಎನ್ನುತ್ತಿದ್ದ. ಆಮೇಲೆ ಇನ್ನೊಂದು ರೂಢಿ ಬಿತ್ತು. ಆ ಗಾಡಿಯ ಸದ್ದು ಎರಡು ಓಣಿ ಆಚೆಯಿಂದಲೇ ಕೇಳುತ್ತದೆ. ಸದ್ದು ಕೇಳಿದೊಡನೆ ಲಕ್ಕಪ್ಪ ರಸ್ತೆಗೆ ಬೆನ್ನು ಮಾಡಿ, ಗೋಡೆಯ ಮೇಲಿನ ಜಾಹೀರಾತು ಓದುತ್ತ ನಿಲ್ಲುತ್ತಿದ್ದ. ಅವನಿಗೆ ಓದು ಬರುವುದು ಅಷ್ಟಕ್ಕಷ್ಟೇ. ತಮ್ಮ ನಿಲ್ಲಬಾರದು, ನಿಲ್ಲದೆ ಹೋದರೆ ತಮ್ಮನಿಗೆ ಕೆಟ್ಟೆನಿಸಬಾರದು, ಅದಕ್ಕೇ ಆ ಓದು. ಸೋಮಶೇಖರನಿಗೆ ಅದು ತಿಳಿಯುತ್ತಿತ್ತು. ತಿಳಿದೂ ಒಂದು ದಿನ ನಿಲ್ಲಿಸಲಿಲ್ಲ, ಎರಡನೆಯ ದಿನವೂ ನಿಲ್ಲಿಸಲಿಲ್ಲ, ಮುಂದೆ ನಿಲ್ಲಿಸುವುದೇ ತಪ್ಪಿತು.

ಸಂಜೆ ಮನೆಯಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ ಉಣ್ಣಲು ಕೂರುತ್ತಿದ್ದರು. ಆದರೆ ಮನೆಯಲ್ಲಿ ಯಾರು ಘರ್ಷಣೆ ಎಂದರೇನು ಎಂದು ಕೇಳುತ್ತಾರೆ? ಟಿವಿ ಇರುತ್ತಿತ್ತು, ಫೋನು ಇರುತ್ತಿತ್ತು. ಕಾಲೇಜಿನಲ್ಲಿ ಅವನು ಹಳೆಯ ನೋಟ್ಸು ಓದಿ ಹೇಳತೊಡಗಿದ. ಹುಡುಗರು ಪಾಠಕ್ಕಿಂತ ಹೆಚ್ಚಾಗಿ ಗಾಡಿಯ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡರು.

ದೀಪಾವಳಿ ಮುಗಿದ ಮೇಲೆ ಒಂದು ಭಾನುವಾರ ಅವನು ಗಜಾನನನ ಕಿರಾಣಿ ಅಂಗಡಿಗೆ ಸಕ್ಕರೆ ತರಲು ಹೋದ. ಗಜಾನನ ಎದುರು ಮನೆಯವನು, ಊರಿನ ಯಾವ ಕಾರ್ಯ ನಡೆದರೂ ಮೊಬೈಲ್ ಎತ್ತಿ ಹಿಡಿಯುವವನು. "ಸರ್, ನಿಮ್ಮ ಗಾಡಿ ಪೂಜಾದ ವಿಡಿಯೋ ನೀವ ನೋಡೇ ಇಲ್ಲಂತಲ್ಲರಿ! ಇಡೀ ಊರ ನೋಡೇತಿ," ಎಂದು ಫೋನು ಮುಂದೆ ಹಿಡಿದ.

ಸೋಮಶೇಖರ ನೋಡಿದ. ಆರತಿ, ಐನಾರು, ಹಳದಿ ಗಾಡಿ. ಬಾಗಿಲು ತೆರೆದಿದೆ. ಇಬ್ಬರು ಅಣ್ಣನ ಕಂಕುಳಿಗೆ ಕೈ ಹಾಕಿದ್ದಾರೆ. ಆಗ ಒಂದು ದನಿ, ಎಲ್ಲರಿಗಿಂತ ಜೋರಾಗಿ, "ಕ್ರೇನ ತರಸ್ರ್ಯೋ! ಅಣ್ಣನ್ನ ಎತ್ತಾಕ ಕ್ರೇನ ತರಸ್ರಿ!" ಎಂದು ಕೂಗುತ್ತದೆ. ಕೂಗಿ ನಗುತ್ತದೆ. ಆ ನಗು ಮೊದಲು ಬಂತು, ಊರಿನ ನಗು ಅದರ ಹಿಂದಿನಿಂದ ಬಂತು. ರುಮಾಲು ಬೀಳುತ್ತದೆ. ಆ ನಗು ಇನ್ನೂ ಜೋರಾಗುತ್ತದೆ.

ಆ ದನಿ ತನ್ನದು ಎಂದು ತಿಳಿಯಲು ಸೋಮಶೇಖರನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ವಿಡಿಯೋದಲ್ಲಿ ಲಕ್ಕಪ್ಪ ಬಿದ್ದ ರುಮಾಲನ್ನು ಕೂಡಲೇ ಎತ್ತಿಕೊಳ್ಳುವುದಿಲ್ಲ. ಬೋಳು ತಲೆಯಲ್ಲಿ ನಿಂತು, ಮೊದಲು ದನಿ ಬಂದ ಕಡೆ ತಿರುಗಿ ನೋಡುತ್ತಾನೆ. ಯಾರು ಎಂದು ಹುಡುಕುವ ನೋಟವಲ್ಲ ಅದು. ಗೊತ್ತಾದ ಮೇಲಿನ ನೋಟ. ಆಮೇಲೆ ತಾನೇ ಬಾಗಿ ರುಮಾಲನ್ನು ಎತ್ತಿಕೊಂಡು, ಸುತ್ತಿಕೊಳ್ಳದೆ ಕಂಕುಳಲ್ಲಿ ಇಟ್ಟುಕೊಳ್ಳುತ್ತಾನೆ.

"ಹೆಂಗೈತ್ರಿ ಸರ್?" ಎಂದ ಗಜಾನನ. ಸೋಮಶೇಖರ ಸಕ್ಕರೆ ತೆಗೆದುಕೊಳ್ಳದೆ ಮನೆಗೆ ಬಂದ.

ಅಕ್ಕವ್ವ ಹಿತ್ತಲಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವನು ಅತ್ತಿಗೆಯ ಎದುರು ಕೂತು ಕೇಳಿದ, "ವೈನಿ, ಅಣ್ಣನ ರುಮಾಲ ಎಲ್ಲೈತ್ರಿ?"

ಅವಳು ಮೊರದಿಂದ ಕಣ್ಣೆತ್ತಲಿಲ್ಲ. "ಟ್ರಂಕಿನ್ಯಾಗ ಐತಿ. ಮೂರ ಸಲ ಒಗದೇನಿ, ಕುಂಕುಮದ ಕಲೆ ಹೋಗಿಲ್ಲ. ಹೊಸಾದ ತರೂಣು ಅಂದ್ನಿ, ಬ್ಯಾಡ ಅಂದ್ರು."

"ನೀವಾರ ನನಗ ಹೇಳಬೇಕಿಲ್ರಿ, ವೈನಿ?"

"ಏನಂತ ಹೇಳಲಿ ಸೋಮು? ನೀ ನಕ್ಕದ್ದ ನಿನಗ ಗೊತ್ತಿಲ್ಲಂತ ನನಗೇನ ಕನಸ ಬಿದ್ದಿತ್ತನ?" ಎಂದಳು ಅಕ್ಕವ್ವ. ಸಿಟ್ಟಿನಿಂದ ಹೇಳಲಿಲ್ಲ. ಜೋಳದಲ್ಲಿನ ಒಂದು ಹರಳು ತೆಗೆದು ಆಚೆ ಒಗೆದಳು. "ಅವ್ರ ಒಂದ ಮಾತ ಆಡಿಲ್ಲ. ಅವತ್ತ ಊಟಕ್ಕ ಕುಂತಾಗ ಹೋಳಿಗಿ ಮುರದು ಮುರದು ಇಟ್ರು, ಬಾಯಾಗ ಹಾಕ್ಲಿಲ್ಲ. ಅಷ್ಟ."

ಆ ದಿನ ತಾನು ಎರಡು ಹೋಳಿಗೆ ಹೆಚ್ಚು ಉಂಡದ್ದು ಸೋಮಶೇಖರನಿಗೆ ನೆನಪಿತ್ತು.

ಅವನು ಯಾಕೆ ಕೂಗಿದ? ನಾಚಿಕೆಯಿಂದ. ಊರೆಲ್ಲ ನೋಡುತ್ತಿರುವಾಗ ತನ್ನ ಗಾಡಿ ತನ್ನ ಅಣ್ಣನನ್ನು ಹೊರಗೆ ಬಿಡಲೊಲ್ಲದು. ಊರು ಗಾಡಿಯನ್ನು ನೋಡಿ ನಗುವ ಮೊದಲೇ ಅವನು ಅಣ್ಣನನ್ನು ತೋರಿಸಿ ನಗಿಸಿಬಿಟ್ಟ. ಇದನ್ನು ಅವನು ಯಾರಿಗೂ ಹೇಳಲಿಲ್ಲ, ತನಗೆ ತಾನೇ ಹೇಳಿಕೊಳ್ಳಲಿಕ್ಕೂ ಒಂದು ತಿಂಗಳು ಬೇಕಾಯಿತು. ಅಷ್ಟು ದಿನ ದಿನಾ ಮುಂಜಾನೆ ಬಸ್‌ಸ್ಟ್ಯಾಂಡಿನ ಮುಂದೆ ಹಾಯುವಾಗ ಬಿಳಿ ಟೋಪಿಯ ಬೆನ್ನು ಕಾಣುತ್ತಿತ್ತು, ಅವನ ಕಾಲು ಬ್ರೇಕಿನ ಮೇಲೆ ಹೋಗಿ ಹೋಗಿ ಹಿಂದೆ ಬರುತ್ತಿತ್ತು.

ಸಂಕ್ರಮಣಕ್ಕೆ ಮುಂಚೆ ಅವನು ಪರಶುರಾಮನಿಗೆ ಗಾಡಿ ಮಾರಿಕೊಡು ಎಂದ. ಪರಶುರಾಮ ಬೈದ. ಬೈದು ನಿಪ್ಪಾಣಿಯ ಗಿರಾಕಿಯೊಬ್ಬನನ್ನು ತಂದ. ಗಿರಾಕಿಗೆ ಇಪ್ಪತ್ತಾರು ವರ್ಷ. ಗಾಡಿಯನ್ನು ಅವನು ನೋಡಿದ ರೀತಿ ನೋಡಿ ಸೋಮಶೇಖರನಿಗೆ ಹೊಟ್ಟೆಕಿಚ್ಚೂ ಆಯಿತು, ಹೇಳಬೇಕಾದ ಬುದ್ಧಿಮಾತು ನಾಲಗೆಯವರೆಗೂ ಬಂತು. ಹೇಳಲಿಲ್ಲ. ಹಳೆಯ ಓಮ್ನಿ ಮರಳಿ ಸಿಗಲಿಲ್ಲ, ತರಕಾರಿಯವನು ಅದರ ಹಿಂದಿನ ಸೀಟುಗಳನ್ನೇ ಕಿತ್ತು ಹಾಕಿದ್ದ. ಅಂಥದ್ದೇ ಇನ್ನೊಂದನ್ನು, ಸ್ವಲ್ಪ ಬೂದು ಬಣ್ಣದ್ದನ್ನು, ಹುಡುಕಿ ತಂದ. ಪೂಜೆಗೆ ಯಾರನ್ನೂ ಕರೆಯಲಿಲ್ಲ, ಮನೆಯವರೆಲ್ಲ ಮಲಗಿದ ಮೇಲೆ ತಂದು ಓಣಿಯ ತುದಿಯಲ್ಲಿ ನಿಲ್ಲಿಸಿದ.

ಮರುದಿನ ಮುಂಜಾನೆ ಅವನು ಓಮ್ನಿಯನ್ನು ಬಸ್‌ಸ್ಟ್ಯಾಂಡಿನ ಮುಂದೆ ನಿಲ್ಲಿಸಿ ಇಳಿದ. ಲಕ್ಕಪ್ಪ ರಸ್ತೆಗೆ ಮುಖ ಮಾಡಿಯೇ ನಿಂತಿದ್ದ. ಈ ಗಾಡಿಯ ಸದ್ದು ಅವನಿಗೆ ಗುರುತಿರಲಿಲ್ಲ.

"ಅಣ್ಣಾ, ಬಾ. ಎತ್ತರ ಗಾಡಿ ತಂದೇನಿ."

ಲಕ್ಕಪ್ಪ ಓಮ್ನಿಯ ಸುತ್ತ ಒಂದು ಸುತ್ತು ಬಂದ. ಟೈರನ್ನು ಕಾಲಿನಿಂದ ಒತ್ತಿ ನೋಡಿದ. "ಚಲೋ ಐತಿ. ಅದನ್ನ ಯಾಕ ಕೊಟ್ಟಿ? ನಿನಗ ಭಾಳ ಮನಸಿತ್ತಲ್ಲ ಅದರ ಮ್ಯಾಲ."

ಸೋಮಶೇಖರ ಅಲ್ಲಿಯೇ, ಬಸ್ಸಿಗೆ ಕಾಯುತ್ತ ನಿಂತವರ ನಡುವೆಯೇ ಹೇಳಿದ. "ಅಣ್ಣಾ, ಅವತ್ತ ನಾ ನಗಬಾರದಿತ್ತು. ಕ್ರೇನ ಅನಬಾರದಿತ್ತು. ತಪ್ಪಾತು."

ಲಕ್ಕಪ್ಪ ಬುತ್ತಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. "ಊರ ನಕ್ಕರ ನಗಲಿ ಬಿಡು. ಅದರ ಕೂಡ ನಾನೂ ನಕ್ಕ ಬಿಡತಿದ್ನಿ ತಮ್ಮಾ. ನಿನ್ನ ದನಿ ಕೇಳಸ್ತು ನೋಡು, ಅದಕ್ಕ ನಗಾಕ ಆಗಲಿಲ್ಲ."

"ಸಿಟ್ಟ ಐತೇನ ಅಣ್ಣಾ?"

"ಸಿಟ್ಟ ಎಂಥಾದ್ದಪಾ. ಅದು ಯಾವಾಗೋ ಹೋತು."

"ಹಂಗಾರ ಬಾ, ಹತ್ತು."

ಲಕ್ಕಪ್ಪ ತೆರೆದ ಬಾಗಿಲನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟು ನಿಜವಾಗಿಯೂ ಇರಲಿಲ್ಲ. ಇದ್ದಿದ್ದರೆ ಸೋಮಶೇಖರನಿಗೆ ಎಷ್ಟೋ ಅನುಕೂಲವಾಗುತ್ತಿತ್ತು. "ಬ್ಯಾಡ ತಮ್ಮಾ. ಬಸ್ಸ ರೂಢಿ ಆಗೇತಿ. ಯಲ್ಲಪ್ಪ ಮೂಡಲಗಿಯಿಂದ ನನಗ ಸೀಟ ಹಿಡಕೊಂಡ ಬರತಾನ. ನಾ ಹತ್ತಲಿಲ್ಲಂದ್ರ ಅಂವ ಹಾದಿ ನೋಡತಾನ."

ಅಷ್ಟರಲ್ಲಿ ಮೂಡಲಗಿಯಿಂದ ಹುಕ್ಕೇರಿಯ ಬಸ್ಸು ಬಂದೇ ಬಂತು. ಹೆಂಗಸರಿಗೆ ಟಿಕೇಟಿಲ್ಲದ ಮೇಲಿಂದ ಆ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಲಕ್ಕಪ್ಪ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಏರಿದ. ಸೋಮಶೇಖರ ಓಮ್ನಿಯ ಬಾಗಿಲು ಎಳೆದು ಕೀಲಿ ಹಾಕಿದ. ಮತ್ತೇನನ್ನೂ ಯೋಚಿಸದೆ ತಾನೂ ಅಣ್ಣನ ಹಿಂದೆ ಬಸ್ಸು ಹತ್ತಿದ.

ಕಿಟಕಿಯ ಕಡೆಯ ಸೀಟಿನ ಮೇಲೆ ಟವೆಲ್ಲು ಹಾಸಿ, ಅದರ ಪಕ್ಕದಲ್ಲಿ ಒಬ್ಬ ಮುದುಕ ಕೂತಿದ್ದ. ಅವನೇ ಯಲ್ಲಪ್ಪ, ಮೂಡಲಗಿಯವನು. ಘೋಡಗೇರಿಯಲ್ಲಿ ಮಗಳ ಹೊಲ ನೋಡಿಕೊಳ್ಳುತ್ತಿದ್ದ. ಲಕ್ಕಪ್ಪ ಬಂದೊಡನೆ ಮೊಣಕಾಲು ಸರಿಸಿ, ಟವೆಲ್ಲು ಎತ್ತಿ, "ಯಾಕ ಗೌಡ್ರ, ಇವತ್ತ ಹೊತ್ತಾತಲ್ರಿ?" ಎಂದ. ಲಕ್ಕಪ್ಪ ಒಳಗೆ ಹೋಗಿ ಕಿಟಕಿಗೆ ಕೂತ. ಸೋಮಶೇಖರ ಮೇಲಿನ ರಾಡು ಹಿಡಿದು ಅವರ ಪಕ್ಕದಲ್ಲಿ ನಿಂತ.

ಕಂಡಕ್ಟರ್ ವಿಠ್ಠಲ ಬಂದ. ಸೋಮಶೇಖರ ಜೇಬಿಗೆ ಕೈ ಹಾಕುವ ಮೊದಲೇ ಲಕ್ಕಪ್ಪ ಧೋತರದ ಗಂಟಿನಿಂದ ನೋಟು ತೆಗೆದಿದ್ದ. "ನಂದು ಘೋಡಗೇರಿ. ಇವಂದ ಹುಕ್ಕೇರಿ ಒಂದ ಕೊಡಪಾ. ನನ್ನ ತಮ್ಮ." ಮಡ್‌ಗಾರ್ಡಿನ ಕಾಲದಲ್ಲಿ ಹೇಳುತ್ತಿದ್ದ ದನಿಯಲ್ಲೇ ಹೇಳಿದ. ಸೋಮಶೇಖರ ಕಿಟಕಿಯ ಆಚೆ ಮುಖ ತಿರುಗಿಸಿದ.

ಬಸ್ಸು ಹಂಪಿನ ಮೇಲೆ ಹಾರಿ ಹಾರಿ ಹೊರಟಿತು. ಯಲ್ಲಪ್ಪ ಮೆಣಸಿನಕಾಯಿಯ ಧಾರಣೆ ಹೇಳಿದ, ಲಕ್ಕಪ್ಪ ಎಲೆಯ ಧಾರಣೆ ಹೇಳಿದ. ಯಲ್ಲಪ್ಪನ ಮಗಳ ಕೂಸಿನ ನೆಗಡಿ, ಯಾವ ಬಾವಿಯಲ್ಲಿ ನೀರೆಷ್ಟು, ನಿನ್ನೆ ಅರ್ಧಕ್ಕೆ ನಿಂತ ಯಾವುದೋ ಮಾತಿನ ಉಳಿದರ್ಧ. ಹತ್ತು ತಿಂಗಳು ಒಟ್ಟಿಗೆ ಕೂತವರ ಮಾತು ಅದು, ನಡುವೆ ಬಾಯಿ ಹಾಕಲಿಕ್ಕೆ ಹೊರಗಿನವನಿಗೆ ಸಂದು ಸಿಗುವುದಿಲ್ಲ. ಅರಭಾವಿ ಬಂತು. ಕಾಲೇಜಿನ ಹುಡುಗರು, ಹೆಂಗಸರು ಒಳಗೆ ನುಗ್ಗಿದರು. ಸೋಮಶೇಖರ ಕಿವಿಗೊಟ್ಟು ನಿಂತಿದ್ದ. ಇವತ್ತ ಏನ ಪಾಠ ತಮ್ಮಾ ಎಂದು ಅಣ್ಣ ಕೇಳಿಯಾನು. ಕೇಳಿದರೆ ಹೇಳಲಿಕ್ಕೆ ಅವನ ಹತ್ತಿರ ಹತ್ತು ತಿಂಗಳ ಪಾಠವಿತ್ತು. ಜನ ಅವನನ್ನು ಒತ್ತುತ್ತ ಒತ್ತುತ್ತ ಹಿಂದಿನ ಬಾಗಿಲಿನವರೆಗೆ ತಳ್ಳಿಕೊಂಡು ಹೋದರು. ತಲೆಗಳ ನಡುವೆ ಬಿಳಿ ಟೋಪಿ ಮಾತ್ರ ಕಾಣುತ್ತಿತ್ತು. ಅದು ಯಲ್ಲಪ್ಪನ ಕಡೆ ವಾಲಿತ್ತು.

ಘೋಡಗೇರಿಯಲ್ಲಿ ಅರ್ಧ ಬಸ್ಸು ಇಳಿಯಿತು. ಲಕ್ಕಪ್ಪ ಇಳಿಯುವ ಮುಂಚೆ ಹಿಂದೆ ತಿರುಗಿ, ತಮ್ಮನನ್ನು ಕಣ್ಣಿನಿಂದ ಹುಡುಕಿ, "ಇಲ್ಲೆ ಸೀಟ ಖಾಲಿ ಆತ ನೋಡು, ಕುಂದ್ರು. ಹುಷಾರಿಂದ ಹೋಗು," ಎಂದ. ಯಲ್ಲಪ್ಪ ಅವನ ಬುತ್ತಿಯನ್ನು ಕೆಳಗೆ ನಿಂತು ಈಸಿಕೊಂಡ, ಕೈ ಕೊಟ್ಟ. ಇಬ್ಬರೂ ಹೊಲದ ದಾರಿ ಹಿಡಿದು ಹೋದರು.

ಸೋಮಶೇಖರ ಬಂದು ಅಣ್ಣ ಕೂತಿದ್ದ ಕಿಟಕಿಯ ಸೀಟಿನಲ್ಲಿ ಕೂತ. ಮುಂದೆ ಎರಡು ಸ್ಟಾಪು ಬಂದವು, ಜನ ಹತ್ತಿದರು. ಖಾಲಿ ಸೀಟು ಬೇರೆ ಎಷ್ಟೋ ಇದ್ದವು. ಅವನ ಬಾಜೂ ಸೀಟಿಗೆ ಹುಕ್ಕೇರಿವರೆಗೂ ಯಾರೂ ಬಂದು ಕೂರಲಿಲ್ಲ.